ಎಂಟು ಸಾಲಿನ ಸುದ್ದಿ, ಒಂದು ಬಿಂದಿಗೆ ನೀರು

ಕುಣಿಗಲ್‌ನಿಂದ ದುರ್ಗಕ್ಕೆ ಬಸ್ಸಿನಲ್ಲಿ ಹೋದರೆ ಊರಿಗಿಂತ ಮೊದಲು ಬೆಟ್ಟ ಕಾಣುತ್ತದೆ. ಇಡೀ ಬೆಟ್ಟ ಒಂದೇ ಬಂಡೆ. ಮಣ್ಣು ಇರುವುದು ಅದರ ಸಂದುಗಳಲ್ಲಿ ಮಾತ್ರ. ಅಲ್ಲಿ ಕಳ್ಳಿ, ಸೀತಾಫಲ, ಲಂಟಾನ ಬೆಳೆದಿವೆ. ನೆತ್ತಿಯ ಮೇಲೆ ಕೋಟೆಯ ಗೋಡೆ, ಅಲ್ಲಲ್ಲಿ ಹಲ್ಲುದುರಿದ ದವಡೆಯ ಹಾಗೆ. ಬೆಟ್ಟದ ಬುಡದಲ್ಲಿ ಊರು ಕುದುರೆ ಲಾಳದ ಆಕಾರದಲ್ಲಿ ಕೂತಿದೆ. ಪೂರ್ವದ ಕಡೆಯ ಕಾಲು ಪೇಟೆಬೀದಿ, ಪಶ್ಚಿಮದ ಕಡೆಯದು ಕೋಟೆಬೀದಿ. ಎರಡೂ ಕೂಡುವ ತಿರುವಿನಲ್ಲಿ ಒಂದು ಹುಣಸೆಮರ, ಮರದ ಕೆಳಗೆ ಬಸ್ ನಿಲ್ಲುವ ಜಾಗ, ಅದರ ಹಿಂದೆ ಶಾಲೆ.

ನಾನು ಬೆಳೆದದ್ದು ಆ ಶಾಲೆಯ ಕ್ವಾರ್ಟರ್ಸ್‌ನಲ್ಲಿ. ತಂದೆ ಮೇಷ್ಟ್ರಾಗಿದ್ದರು. ಮನೆ ತಿರುವಿನಲ್ಲೇ ಇದ್ದುದರಿಂದ ನಾವು ಎರಡು ಬೀದಿಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಈಗ ಆ ಕ್ವಾರ್ಟರ್ಸ್ ಇಲ್ಲ. ನನ್ನ ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿದೆ, ಕೆಲಸ ಅಲ್ಲೇ ಒಂದು ಪತ್ರಿಕೆಯಲ್ಲಿ. ಆದರೂ ತಿಂಗಳಿಗೊಮ್ಮೆ ಭಾನುವಾರ ದುರ್ಗಕ್ಕೆ ಹೋಗುತ್ತೇನೆ. ಅಲ್ಲಿ ನನ್ನನ್ನು ಇವತ್ತಿಗೂ ಮೇಷ್ಟ್ರ ಮಗ ಎಂದೇ ಕರೆಯುತ್ತಾರೆ. ನನ್ನ ಕೂದಲೂ ನೆರೆತದ್ದನ್ನು ಯಾರೂ ಲೆಕ್ಕಕ್ಕೆ ತಗೊಂಡಂತಿಲ್ಲ.

ಊರಿನ ಈ ಆಕಾರದಿಂದ ಒಂದು ವ್ಯವಸ್ಥೆ ಹುಟ್ಟಿಕೊಂಡಿದೆ. ಬೆಳಗಿನ ಬಿಸಿಲು ಮೊದಲು ಪೇಟೆಬೀದಿಗೆ ಬೀಳುತ್ತದೆ. ಆಗ ಕೋಟೆಬೀದಿ ಇನ್ನೂ ಬೆಟ್ಟದ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಮೂರು ದಾಟಿದರೆ ಪೇಟೆಬೀದಿಗೆ ನೆರಳು, ಕೋಟೆಬೀದಿಗೆ ಬಿಸಿಲು. ಹಾಗಾಗಿ ಬೇಸಿಗೆಯಲ್ಲಿ ಪೇಟೆಬೀದಿಯ ಹೆಂಗಸರು ಬೆಳಗ್ಗೆ ತಮ್ಮ ತಾರಸಿಯ ಮೇಲೆ ಹಾಕಿದ ಸಂಡಿಗೆಯನ್ನು ಮಧ್ಯಾಹ್ನ ತಟ್ಟೆ ಸಮೇತ ಎತ್ತಿಕೊಂಡು ಕೋಟೆಬೀದಿಯ ತಾರಸಿಗಳಿಗೆ ಹೋಗುತ್ತಾರೆ. ಕೋಟೆಬೀದಿಯವರು ಬೆಳಗ್ಗೆ ಒಗೆದ ಬಟ್ಟೆ ಬೇಗ ಒಣಗಬೇಕಾದರೆ ಈ ಕಡೆ ಬರುತ್ತಾರೆ. ಇದನ್ನು ಸೌಹಾರ್ದ ಎಂದು ಊರಿನಲ್ಲಿ ಯಾರೂ ಕರೆದದ್ದು ನಾನು ಕೇಳಿಲ್ಲ. ಸಂಡಿಗೆ ಒಣಗಬೇಕು, ಅಷ್ಟೇ. ತಟ್ಟೆಗೊಂದು ಹಿಡಿಯಂತೆ ತಾರಸಿಯ ಮನೆಯವರಿಗೆ ಬಿಟ್ಟು ಬರುವುದು ರೂಢಿ. ಆ ಹಿಡಿ ಯಾರ ಕೈಯ ಹಿಡಿ ಎಂಬುದರ ಮೇಲೆ ಪ್ರತಿ ಬೇಸಿಗೆಯಲ್ಲೂ ಜಗಳ ನಡೆಯುತ್ತದೆ.

ಕೋಟೆಯ ಚರಿತ್ರೆ ಬರಹದಲ್ಲಿ ಸಿಗುವುದು ಕಡಿಮೆ. ಪಾಳೇಗಾರರು ಕಟ್ಟಿದರು, ಮೈಸೂರಿನ ದೊರೆಗಳ ಕೈಗೆ ಹೋಯಿತು, ನವಾಬರ ಕಾಲದಲ್ಲಿ ಮದ್ದಿನ ಮನೆ ಸೇರಿತು, ಇಂಗ್ಲಿಷರ ದಂಡು ಬಂದು ಒಂದಷ್ಟು ಕೆಡವಿತು ಎನ್ನುತ್ತಾರೆ. ಕೋಟೆಬೀದಿಯ ಮುಸಲ್ಮಾನರ ಮನೆತನಗಳು ಕೋಟೆಯ ಕಾವಲಿಗೆ ಬಂದವರದ್ದು. ಕಾವಲು ಬೇಡವಾದ ಮೇಲೆ ಬಳೆ, ಬೀಗ, ಹೊಲಿಗೆ ಎಂದು ಒಂದೊಂದು ಕಸುಬು ಹಿಡಿದರು. ಪೇಟೆಬೀದಿಯವರು ಮೊದಲಿಂದಲೂ ಬೇಸಾಯ ಮತ್ತು ವ್ಯಾಪಾರ. ಇಷ್ಟನ್ನು ಹೆಚ್ಚು ಅನುಮಾನವಿಲ್ಲದೆ ಹೇಳಬಹುದು.

ಇದರ ಆಚೆಗೆ ಒಂದು ಮುತ್ತಿಗೆಯ ಕಥೆ ಇದೆ. ಮುತ್ತಿದವರು ಯಾರು ಎಂಬುದರಲ್ಲಿ ಒಮ್ಮತವಿಲ್ಲ. ಗುಬ್ಬಿ ಕಡೆಯಿಂದ ಬಂದ ಹಾಗಲವಾಡಿ ಪಾಳೇಗಾರರ ದಂಡು ಎಂದು ಕೆಲವರು, ಮರಾಠರು ಎಂದು ಕೆಲವರು. ದಂಡು ಕೆಳಗಿನ ಬಾವಿಗಳನ್ನೆಲ್ಲ ಹಿಡಿದು ಕೂತಿತು. ಬೆಟ್ಟದ ಮೇಲೆ ಬಂಡೆಯ ನಡುವೆ ನೀರು ನಿಲ್ಲುವ ಒಂದು ಗುಂಡಿ ಇದೆ, ಅದಕ್ಕೆ ದೊಣೆ ಎನ್ನುತ್ತೇವೆ. ಆ ದೊಣೆಯ ನೀರನ್ನು ಕೋಟೆಯ ಜನ ಬಿಂದಿಗೆಗೆ ಹಗ್ಗ ಕಟ್ಟಿ ಬಂಡೆಯ ಹಿಂಬದಿಯಿಂದ ಪೇಟೆಗೆ ಇಳಿಸಿದರು ಎಂದು ಪೇಟೆಬೀದಿಯವರು ಹೇಳುತ್ತಾರೆ. ಕೋಟೆಬೀದಿಯಲ್ಲಿ ಕೇಳಿದರೆ ನೀರಿನ ಮಾತೇ ಬರುವುದಿಲ್ಲ. ಅದೇ ಹಗ್ಗದಲ್ಲಿ ಪೇಟೆಯವರು ಕೋಟೆಗೆ ರಾಗಿ ಕಟ್ಟಿ ಕಳಿಸಿದರು, ಇಲ್ಲದಿದ್ದರೆ ಮೇಲಿನವರು ಉಪವಾಸ ಸಾಯುತ್ತಿದ್ದರು ಎನ್ನುತ್ತಾರೆ. ಎರಡು ಬೀದಿಗಳೂ ತಾವು ಪಡೆದದ್ದನ್ನು ನೆನಪಿಟ್ಟುಕೊಂಡಿವೆ, ಕೊಟ್ಟದ್ದನ್ನಲ್ಲ. ಬೇರೆ ಊರುಗಳ ಜಗಳಗಳನ್ನು ವರ್ಷಗಟ್ಟಲೆ ವರದಿ ಮಾಡಿದ ಮೇಲೆ ಇದು ಎಷ್ಟು ಅಪರೂಪ ಎಂದು ನನಗೆ ತಿಳಿಯಿತು. ಕಥೆಗೆ ದಾಖಲೆ ಇಲ್ಲ. ಇರುವುದು ಒಂದು ರೂಢಿ.

ರೂಢಿ ಹೀಗೆ. ಎರಡೂ ಬೀದಿಗಳಲ್ಲಿ ಯಾರ ಮನೆಯಲ್ಲಿ ಮದುವೆ ನಡೆದರೂ ಅಡುಗೆಯ ಮೊದಲ ಪಾತ್ರೆಗೆ ದೊಣೆಯ ನೀರು ಬೀಳಬೇಕು, ಅದನ್ನು ಇನ್ನೊಂದು ಬೀದಿಯವರು ಹೊತ್ತು ತರಬೇಕು. ಹೋಗಿ ಕೇಳುವಂತಿಲ್ಲ. ಮದುವೆಗೆ ಕೆಲವು ದಿನ ಇರುವಾಗ ಮದುವೆ ಮನೆಯ ಕಡೆಯಿಂದ ಯಾರಾದರೂ ಒಬ್ಬರು ಖಾಲಿ ಬಿಂದಿಗೆಯನ್ನು ಆ ಬೀದಿಯ ಯಜಮಾನರ ಜಗಲಿಯ ಮೇಲೆ ಇಟ್ಟು ಬರುತ್ತಾರೆ. ಇಟ್ಟು ವಾಪಸ್ ಬರುವ ತನಕ ಬಾಯಿ ಬಿಡಬಾರದು. ಬಿಂದಿಗೆ ಬಂದರೆ ಮದುವೆಯ ದಿನ ಬೆಳಗ್ಗೆ ನೀರು ಬರುತ್ತದೆ. ಬಿಂದಿಗೆ ಬಾರದೆ ಇದ್ದ ಮದುವೆಯನ್ನು ನನ್ನ ನೆನಪಿನಲ್ಲಿ ನಾನು ಕಂಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅದನ್ನು ಕಾಣುವ ಹತ್ತಿರಕ್ಕೆ ಬಂದಿದ್ದೆ. ಅದಕ್ಕೆ ಕಾರಣ ನಾನು ಬರೆದ ಎಂಟು ಸಾಲು.

ಬೆಟ್ಟ ಹತ್ತಲು ಎರಡು ದಾರಿ ಇವೆ, ಎರಡೂ ಹುಣಸೆಮರದ ಹತ್ತಿರದಿಂದಲೇ ಕವಲೊಡೆಯುತ್ತವೆ. ಬೆಂಗಳೂರಿನಿಂದ ಭಾನುವಾರ ಬೆಟ್ಟ ಹತ್ತಲು ಬರುವವರು ಹೆಚ್ಚಾದ ಮೇಲೆ ಒಂದು ದಾರಿಯ ಬಾಯಲ್ಲಿ ಟೀ ಅಂಗಡಿ, ಇನ್ನೊಂದರ ಬಾಯಲ್ಲಿ ಎಳನೀರಿನ ಗಾಡಿ ಶುರುವಾದವು. ಟೀ ಅಂಗಡಿಯವನು ಎಳನೀರಿನವನ ಅಕ್ಕನ ಗಂಡ. ಇಬ್ಬರೂ ಪೇಟೆಬೀದಿಯವರು. ಮರದ ಎಡಕ್ಕೆ 'ಕೋಟೆಗೆ ದಾರಿ' ಎಂದು ಬಾಣದ ಗುರುತಿನ ಫಲಕ ನೆಟ್ಟಿದ್ದರು, ಒಂದೇ ಕಂಬ, ಒಂದೇ ಮೊಳೆ. ಬೆಳಗ್ಗೆ ಭಾವ ಬಾಣವನ್ನು ತನ್ನ ಕಡೆ ತಿರುಗಿಸುವುದು, ಹತ್ತು ಗಂಟೆಗೆ ಮೈದುನ ಬಂದು ತನ್ನ ಕಡೆ ತಿರುಗಿಸುವುದು, ಇದು ಕೆಲವು ವಾರ ನಡೆದಿತ್ತು. ಆ ಭಾನುವಾರ ಇಬ್ಬರೂ ಒಂದೇ ಹೊತ್ತಿಗೆ ಫಲಕಕ್ಕೆ ಕೈ ಹಾಕಿದರು.

ನಾನು ಮರದ ಕೆಳಗೆ ನಿಂತು ವಡೆ ತಿನ್ನುತ್ತಿದ್ದೆ.

"ಬುಡ್ಲಾ ಅದ್ನ."

"ನೀನ್ ಬುಡು ಭಾವ. ಕೋಟೆ ಏನ್ ನಿಮ್ಮಪ್ಪಂದಾ?"

"ನಿಮ್ಮಕ್ಕನ್ ಕೇಳ್ಲಾ, ಯಾರಪ್ಪಂದು ಅಂತ ಅವ್ಳೇ ಹೇಳ್ತಾಳೆ."

ಇಬ್ಬರ ಹಿಂದೆಯೂ ನಾಲ್ಕು ನಾಲ್ಕು ಜನ ಸೇರಿದರು. ಮೊಳೆ ಕಿತ್ತು ಫಲಕ ಎಳನೀರಿನವನ ಹುಬ್ಬಿನ ಮೇಲೆ ಬಿತ್ತು. ಕೋಟೆಬೀದಿಯಿಂದ ಬಳೆ ಅಂಗಡಿಯ ಸಾಹೇಬರು ತಮ್ಮ ತಮ್ಮನನ್ನು ಕರೆದುಕೊಂಡು ಓಡಿ ಬಂದು ಇಬ್ಬರನ್ನೂ ಬೇರೆ ಮಾಡಿದರು. ಟೀ ಅಂಗಡಿಯವನೇ ಗಾಯಕ್ಕೆ ಕಾಫಿ ಪುಡಿ ಒತ್ತಿದ. ಅಷ್ಟರಲ್ಲಿ ನನ್ನ ಬಸ್ ಬಂತು.

ಆ ಸಂಜೆ ಕಚೇರಿಗೆ ಹೋದಾಗ ಮೂರನೆಯ ಪುಟದಲ್ಲಿ ಎಂಟು ಸಾಲಿನ ಜಾಗ ಖಾಲಿ ಉಳಿದಿತ್ತು. ಪುಟ ಕಟ್ಟುವವರು ಕೂಗುತ್ತಿದ್ದರು. ನಾನು ಬರೆದುಕೊಟ್ಟೆ. 'ಕೋಟೆ ದಾರಿ: ಗುಂಪು ಘರ್ಷಣೆ' ಎಂದು ತಲೆಬರಹ. ಫಲಕದ ವಿಚಾರವಾಗಿ ಎರಡು ಗುಂಪುಗಳ ನಡುವೆ ಮಾತಿನ ಚಕಮಕಿ ನಡೆದು ಒಬ್ಬರು ಗಾಯಗೊಂಡಿದ್ದಾರೆ. ಹುಣಸೆಮರದ ಎಡಕ್ಕಿದ್ದ ಫಲಕ ಉರುಳಿದೆ. ಸ್ಥಳೀಯರು ಮಧ್ಯಪ್ರವೇಶಿಸಿ ಸಮಾಧಾನಪಡಿಸಿದರು. ಪರಿಸ್ಥಿತಿ ಹತೋಟಿಯಲ್ಲಿದೆ. ಕೆಳಗೆ ಹೆಸರಿಲ್ಲ, ಇಂಥ ಸುದ್ದಿಗೆ ಹೆಸರು ಹಾಕುವ ಪದ್ಧತಿ ಇಲ್ಲ.

ಒಂದೊಂದು ವಾಕ್ಯವೂ ನಿಜ. ತಪ್ಪು ನಮ್ಮ ಕಸುಬಿನ ಒಂದು ಎಚ್ಚರಿಕೆಯಲ್ಲಿತ್ತು. ಎರಡು ಸಮುದಾಯಗಳ ನಡುವೆ ಏನಾದರೂ ನಡೆದರೆ ನಾವು ಸಮುದಾಯದ ಹೆಸರು ಬರೆಯುವುದಿಲ್ಲ, 'ಎರಡು ಗುಂಪುಗಳು' ಎಂದು ಬರೆಯುತ್ತೇವೆ. ಉರಿ ಹೆಚ್ಚಾಗದಿರಲಿ ಎಂದು ಮಾಡಿಕೊಂಡ ಕ್ರಮ ಅದು. ಓದುಗರಿಗೂ ವರ್ಷಗಳಿಂದ ಅಭ್ಯಾಸವಾಗಿದೆ. 'ಎರಡು ಗುಂಪು' ಎಂದು ಕಂಡ ಕೂಡಲೇ ನಾವು ಬಿಟ್ಟದ್ದನ್ನು ಅವರು ತುಂಬಿಕೊಳ್ಳುತ್ತಾರೆ. ಭಾವ ಮೈದುನರ ಜಗಳಕ್ಕೆ ಆ ಮಾತು ಹಾಕುವಾಗ ನನಗೆ ಇದು ಹೊಳೆಯಲಿಲ್ಲ. ರೂಢಿಯಾದ ಪದ, ಕೈ ಬರೆಯಿತು.

ಒಂದೂವರೆ ವಾರದ ಮೇಲೆ, ಬುಧವಾರ ಸಂಜೆ, ಉಪ್ಪಾರಹಳ್ಳಿಯ ನನ್ನ ಮನೆಯ ಮುಂದೆ ಒಂದು ಸ್ಕೂಟರ್ ನಿಂತಿತು. ಬಳೆ ಅಂಗಡಿ ಸಾಹೇಬರ ಮಗಳು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ಸರಿಯಿಲ್ಲದ್ದನ್ನು ತೆಗೆದು ಪಕ್ಕಕ್ಕಿಡಬೇಕು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಅವಳ ಮದುವೆ ಮುಂದಿನ ವಾರದ ಭಾನುವಾರಕ್ಕೆ ಇತ್ತು. ಕಾರ್ಡ್ ನನಗೆ ಮೊದಲೇ ತಲುಪಿತ್ತು.

ಕೂರುವ ಮೊದಲೇ ಬ್ಯಾಗಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದಳು. "ಅಂಕಲ್, ಇದು ನೀವು ಬರ್ದಿದ್ದಾ?"

"ಯಾಕಮ್ಮ?"

"ಹೌದೋ ಅಲ್ವೋ ಅಷ್ಟ್ ಹೇಳಿ."

"ಹೌದು, ನಾನೇ."

"ಗೊತ್ತಿತ್ತು. 'ಹುಣಸೆಮರದ ಎಡಕ್ಕೆ' ಅಂತ ಇದೆ. ಹೊರಗಿನೋರಾಗಿದ್ರೆ ಬಸ್ ಸ್ಟಾಪ್ ಹತ್ರ ಅಂತ ಬರೀತಿದ್ರು. ಎಲ್ಲಾನೂ ಮರದಿಂದ ಅಳೆಯೋರು ನಮ್ಮೂರೋರು ಮಾತ್ರ."

ಆಮೇಲೆ ಕೂತು ವಿಷಯ ಹೇಳಿದಳು. ಸುದ್ದಿ ಬಂದ ದಿನ ನಾಲ್ಕು ಕಡೆಯ ನೆಂಟರಿಂದ ಎರಡೂ ಬೀದಿಗಳಿಗೆ ಫೋನ್ ಬಂದವಂತೆ. ಮರದ ಕೆಳಗೆ ಎರಡು ದಿನ ಪೊಲೀಸ್ ಜೀಪ್ ನಿಂತಿತ್ತಂತೆ. ಏನು ನಡೆಯಿತು ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು, ಪತ್ರಿಕೆಗೆ ಇದನ್ನು ಹೀಗೆ ಹೇಳಿದವರು ಯಾರು ಎಂಬುದು. ನಮ್ಮ ಮನೆ ಜಗಳವನ್ನು ಕೋಟೆಬೀದಿಯವರು ಪೇಪರಿಗೆ ಕೊಟ್ಟರು ಎಂದು ಪೇಟೆಬೀದಿ. ಬಿಡಿಸಲು ಹೋದ ನಮ್ಮನ್ನೇ ಗುಂಪು ಮಾಡಿ ಪೇಟೆಬೀದಿಯವರು ಹಾಕಿಸಿದರು ಎಂದು ಕೋಟೆಬೀದಿ. ಯಾರೂ ಯಾರಿಗೂ ಬಾಯಿ ಬಿಟ್ಟು ಅನ್ನಲಿಲ್ಲ. ಸಂಡಿಗೆ ತಟ್ಟೆಗಳು ಮಾತ್ರ ಮಧ್ಯಾಹ್ನ ದಾಟಲಿಲ್ಲ.

"ಬಿಂದಿಗೆ?" ಎಂದೆ.

"ಅದಕ್ಕೇ ಬಂದಿದ್ದು. ಅಬ್ಬ ಇಡಲ್ಲ ಅಂತ ಕೂತವ್ರೆ. ಜಗಳ ಬಿಡ್ಸಿದ್ದು ನಾನು, ಈಗ ಅವರ ಜಗಲಿಗೂ ನಾನೇ ಹೋಗ್ಲಾ ಅಂತಾರೆ."

"ಪೇಟೆಬೀದಿ ಯಜಮಾನ್ರು ಏನಂತಾರೆ?"

"ಏನ್ ಅಂತಾರೆ? ಬಿಂದಿಗೆ ಕೊಡಿ ಅಂತ ಅವರು ಕೇಳೋಹಂಗಿಲ್ವಲ್ಲ. ದಿನಾ ಸಂಜೆ ನಮ್ಮ ಅಂಗಡಿಗೆ ಬಂದು ಕೂರೋರು. ಈಗ ಮರದ ತಂಕ ಬಂದು ವಾಪಸ್ ಹೋಗ್ತಾರೆ. ಅಬ್ಬ ಅಂಗಡಿಯಿಂದ್ಲೇ ನೋಡ್ತಾರೆ, ನೋಡ್ದೇ ಇರೋ ಥರ ಬಳೆ ಜೋಡಿಸ್ತಾರೆ. ಒಂದೇ ಡಜನ್ ಬಳೆ ಅಂಕಲ್, ದಿನಕ್ಕೆ ಮೂರು ಸಲ."

ಹುಡುಗನ ಮನೆ ಗುಬ್ಬಿಯಲ್ಲಿ. ಅವನ ಚಿಕ್ಕಪ್ಪ ಸುದ್ದಿ ಓದಿ, ನಿಮ್ಮೂರಲ್ಲಿ ಗಲಾಟೆಯಂತಲ್ಲ, ಮದುವೆಯನ್ನು ಗುಬ್ಬಿಯಲ್ಲೇ ಇಟ್ಟುಕೊಳ್ಳೋಣವಾ ಎಂದು ಕೇಳಿದ್ದರು. ಶುಕ್ರವಾರದೊಳಗೆ ಹೇಳಿದರೆ ಅಲ್ಲಿ ಹಾಲ್ ಸಿಗುತ್ತಿತ್ತು. ನೀರು ಬಾರದ ಬೀದಿಯಲ್ಲಿ ಮಗಳ ಮದುವೆ ಮಾಡುವುದಕ್ಕಿಂತ ಅದೇ ವಾಸಿ ಎಂಬ ಮಾತು ಸಾಹೇಬರ ಬಾಯಲ್ಲಿ ಎರಡು ಸಲ ಬಂದಿತ್ತು.

"ನಾನು ಹುಟ್ಟಿದ ಬೀದೀಲೇ ನನ್ ಮದ್ವೆ ಆಗ್ಬೇಕು ಅಂಕಲ್," ಎಂದಳು ಅವಳು. "ಗುಬ್ಬಿಗೆ ಹೆಂಗಿದ್ರೂ ಆಮೇಲೆ ಹೋಗೋದೇ ಇದೆಯಲ್ಲ."

ಕಾಫಿ ಕುಡಿಯಲಿಲ್ಲ. ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಬಿಟ್ಟು ಹೋದಳು. ಸರಿಯಿಲ್ಲದ್ದನ್ನು ಪಕ್ಕಕ್ಕಿಡುವ ಕೆಲಸದವಳು.

ನಾನು ಕಚೇರಿಗೆ ಫೋನ್ ಮಾಡಿ ಮುಖ್ಯ ಉಪಸಂಪಾದಕರಿಗೆ ಒಂದು ಸ್ಪಷ್ಟನೆ ಹಾಕಬೇಕು ಎಂದೆ.

"ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?"

"ಇಲ್ಲ."

"ಫ್ಯಾಕ್ಟ್ ತಪ್ಪಿದೆಯಾ?"

"ಒಂದೂ ತಪ್ಪಿಲ್ಲ."

"ಮತ್ತೆ ಏನನ್ನ ಸ್ಪಷ್ಟ ಮಾಡ್ತೀರಿ?"

ಒಳ್ಳೆಯ ಪ್ರಶ್ನೆ. ಆದರೂ ಅವರು ನಾಲ್ಕು ಸಾಲು ಜಾಗ ಕೊಟ್ಟರು. ಫಲಕದ ಜಗಳ ಒಂದೇ ಕುಟುಂಬದವರ ನಡುವಿನದು, ಎಂದು ಬರೆದೆ. ಗುರುವಾರ ಬೆಳಗ್ಗೆ ಅದು ಆರನೆಯ ಪುಟದಲ್ಲಿ, ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಕೆಳಗೆ ಬಂತು. ದುರ್ಗದಲ್ಲಿ ಅದನ್ನು ಓದಿದವರು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಗುರುವಾರ ನನ್ನ ವಾರದ ರಜೆ. ಕುಣಿಗಲ್‌ನಲ್ಲಿ ಬಸ್ ಬದಲಿಸಿ ಹನ್ನೊಂದರ ಹೊತ್ತಿಗೆ ದುರ್ಗದಲ್ಲಿಳಿದೆ. ಸಾಹೇಬರು ಅಂಗಡಿಯಲ್ಲಿ ಪೇಟೆಬೀದಿಯ ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತಿದ್ದರು. ಏನೇ ಆದರೂ ಬಳೆ ಬೇಕಲ್ಲ. ಅವಳ ಕೈ ಹಿಡಿದು ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡುತ್ತಿದ್ದವರು ನನ್ನನ್ನು ನೋಡಿ, ಕೂರು ಎಂದು ಗಲ್ಲದಲ್ಲೇ ಸನ್ನೆ ಮಾಡಿದರು. ಕೂರಲಿಲ್ಲ.

"ಸಾಹೇಬ್ರೇ, ಪೇಪರ್‌ನಲ್ಲಿ ಬಂತಲ್ಲ, ಆ ಸುದ್ದಿ ಬರೆದದ್ದು ನಾನು. ನನಗೆ ಯಾರೂ ಹೇಳಿಕೊಟ್ಟಿಲ್ಲ. ನಾನೇ ನೋಡಿದ್ದೆ, ನಾನೇ ಬರೆದೆ."

ಅವರ ಕೈ ನಿಲ್ಲಲಿಲ್ಲ. ಒಂದು ಬಳೆ ಗೆಣ್ಣು ದಾಟಿತು. ಎರಡನೆಯದೂ ದಾಟಿತು.

"ನಾನೂ ನನ್ನ ತಮ್ಮನೂ, ಬಂದಿದ್ದು ಇಬ್ರು," ಎಂದರು. "ಇಬ್ರಿಗೆ ಗುಂಪು ಅಂತಾರೇನಪ್ಪಾ ನಿಮ್ಮ ಪೇಪರ್‌ನಲ್ಲಿ?"

"ಗುಂಪು ಅಂತ ಬರೆದದ್ದು ಟೀ ಅಂಗಡಿ ಕಡೆಯೋರನ್ನ, ಎಳನೀರಿನ ಕಡೆಯೋರನ್ನ. ನಿಮ್ಮನ್ನ ಸ್ಥಳೀಯರು ಅಂತ ಬರೆದಿದ್ದೆ."

"ಓದಿದೋರಿಗೆ ಅದು ತಿಳೀತದಾ?"

"ಇಲ್ಲ."

"ಗುಬ್ಬೀಲಿ ಕೂತು ಓದಿದೋರಿಗೆ?"

"ಅವರಿಗಂತೂ ಇಲ್ಲ."

ಕೈ ಕೊಟ್ಟು ಕೂತಿದ್ದ ಹೆಂಗಸು ಇಷ್ಟು ಹೊತ್ತು ತಡೆದುಕೊಂಡಿದ್ದಳು. "ಅಯ್ಯೋ, ನೀವೇನಾ ಅದು! ನಮ್ಮ ಮನೇಲಿ ಪಾಪ ಸಾಬ್ರನ್ನ ಬಯ್ಯದ ದಿನ ಇಲ್ಲ," ಎಂದಳು. ತಕ್ಷಣ ಸಾಹೇಬರ ಕಡೆ ತಿರುಗಿ, "ನಾನ್ ಬೈದಿಲ್ಲ ಸಾಬ್ರೇ, ನಮ್ಮತ್ತೆ," ಎಂದು ಸೇರಿಸಿದಳು. ಇನ್ನೊಂದು ಕೈಯ ಬಳೆಗಳನ್ನು ಆಮೇಲೆ ಹಾಕಿಸಿಕೊಳ್ಳುತ್ತೇನೆಂದು ಎದ್ದು, ಒಂದೇ ಕೈಯಲ್ಲಿ ಹಸಿರು ಬಳೆ ಗಲಗಲ ಎನ್ನಿಸುತ್ತ ಹೋಗೇಬಿಟ್ಟಳು.

ಸಾಹೇಬರು ಉಳಿದ ಬಳೆಗಳನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ ಅವರು ಬಗ್ಗಿ, ಬಳೆ ಪೆಟ್ಟಿಗೆಗಳ ಹಿಂದಿನಿಂದ ಬಿಳಿ ಬಟ್ಟೆ ಸುತ್ತಿದ ಒಂದು ವಸ್ತುವನ್ನು ತೆಗೆದು ಬಟ್ಟೆ ಬಿಚ್ಚಿದರು. ತಾಮ್ರದ ಬಿಂದಿಗೆ. ಹುಣಸೆಹಣ್ಣು ಹಾಕಿ ಉಜ್ಜಿದ್ದು ಹಾಗೇ ಹೊಳೆಯುತ್ತಿತ್ತು.

"ತಗೋ. ಇಟ್ಟು ಬಾ."

"ನಾನಾ?"

"ಇನ್ಯಾರು? ಕಳಿಸೋನು ನಾನು, ಹೊತ್ಕೊಂಡು ಹೋಗೋನು ನೀನು. ಬಾಯಿ ಮಾತ್ರ ಬಿಡ್ಬೇಡ. ಇದುವರೆಗೆ ಬಿಟ್ಟಿದ್ದೇ ಜಾಸ್ತಿ ಆಗಿದೆ."

ಖಾಲಿ ಬಿಂದಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಕೋಟೆಬೀದಿಯ ಉದ್ದಕ್ಕೂ ನಡೆದೆ. ನಡು ಹಗಲು; ಬೆಟ್ಟದ ನೆರಳು ಯಾವ ಬೀದಿಯಲ್ಲೂ ಇರಲಿಲ್ಲ. ಬಾಗಿಲುಗಳಲ್ಲಿ ಮುಖಗಳು ಕಂಡವು. ಬೀಗ ರಿಪೇರಿ ಮಾಡುವವರೊಬ್ಬರು ಅರ ಹಾಕುವುದನ್ನು ನಿಲ್ಲಿಸಿದರು. ಮರದ ಹತ್ತಿರ ಬಂದಾಗ ಟೀ ಅಂಗಡಿಯವನು ಕೂಗಿದ.

"ಏನ್ ಸಾರ್, ಬಿಂದಿಗೆ ಎತ್ಕೊಂಡು? ಪೇಪರ್ ಕೆಲ್ಸ ಬಿಟ್ರಾ?"

ಉತ್ತರ ಕೊಡುವಂತಿರಲಿಲ್ಲ. ಎದುರುಗಡೆಯಿಂದ ಎಳನೀರಿನವನು ಹುಬ್ಬಿನ ಮೇಲಿನ ಪ್ಲಾಸ್ಟರ್ ಮುಟ್ಟಿ ತೋರಿಸಿದ. "ಒಬ್ಬರಿಗೆ ಗಾಯ ಅಂತ ಹಾಕಿದ್ರಲ್ಲ ಸಾರ್, ಆ ಒಬ್ಬ ನಾನೇ. ಒಂದು ಫೋಟೋ ಆದ್ರೂ ಬೇಡ್ವಾ?"

ಅವನ ಭಾವ, "ನಿನ್ ಮೂತಿ ಹಾಕಿದ್ರೆ ಪೇಪರ್ ಯಾರೋ ತಗೋತಾರೆ," ಎಂದ. ಇಬ್ಬರೂ ನಕ್ಕರು. ಫಲಕ ಮತ್ತೆ ನಿಂತಿತ್ತು. ಬಾಣ ಯಾವ ಕಡೆಗೂ ಇರಲಿಲ್ಲ, ಮೇಲಕ್ಕೆ, ಬೆಟ್ಟದ ನೆತ್ತಿಯ ಕಡೆಗೆ ಇತ್ತು. ಎರಡು ಮೊಳೆ ಹೊಡೆದಿದ್ದರು.

ಪೇಟೆಬೀದಿಯ ಯಜಮಾನರು ಹಿಂದೆ ಬಸ್ ಡ್ರೈವರ್ ಆಗಿದ್ದವರು. ನಾನು ಕಾಲೇಜಿಗೆ ಹೋಗುವ ಕಾಲದಲ್ಲಿ ದುರ್ಗದಿಂದ ಕುಣಿಗಲ್‌ಗೆ ನನ್ನನ್ನು ತಂದು ಬಿಡುತ್ತಿದ್ದವರು ಅವರೇ. ಒಂದು ನಿಮಿಷ ತಡವಾದರೆ ಹಾರ್ನ್ ಮಾಡಿ ನಮ್ಮಪ್ಪನ ಮಾನ ಕಳೆಯುತ್ತಿದ್ದರು. ಈಗ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು, ಹೆಂಡತಿ ಬಲಮಂಡಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಮೆಟ್ಟಿಲು ಹತ್ತಿ ಬಿಂದಿಗೆ ಕೆಳಗಿಟ್ಟೆ.

ಅವರು ಬಿಂದಿಗೆ ನೋಡಿದರು. ನನ್ನನ್ನು ನೋಡಿದರು.

"ಯಾರ ಮನೇದ್ಲಾ ಇದು?"

ಸುಮ್ಮನೆ ನಿಂತೆ.

"ಕಿವಿ ಕೇಳಾಕಿಲ್ವಾ? ಯಾರ ಮನೇದು ಅಂದೆ."

ರೂಢಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬಾಯಿ ಬಿಡಲಿಲ್ಲ.

"ನೋಡೇ ಇಲ್ಲಿ," ಎಂದು ಹೆಂಡತಿಗೆ ಹೇಳಿದರು, "ಮೇಷ್ಟ್ರ ಮಗ ಬಾಯಿ ಮುಚ್ಕೊಂಡು ನಿಂತವ್ನೆ. ಇದುನ್ನ ಪೇಪರ್‌ಗೆ ಹಾಕ್ಬೇಕು ಕಣೇ." ಆಕೆ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರು ಮುಂದುವರಿಸಿದರು. "ನೀನೇ ಅಂತ ಆಗ್ಲೇ ಗೊತ್ತಾಯ್ತು ಬುಡು. ಒಂದೇ ಕೈಗೆ ಬಳೆ ತೊಟ್ಕೊಂಡು ಬಂದ್ಲಲ್ಲ, ಅವ್ಳು ನಿನಗಿಂತ ಮುಂಚೆ ಬೀದಿಗ್ ಬೀದೀನೇ ಸಾರವ್ಳೆ. ನಿನ್ ಪೇಪರ್‌ಗಿಂತ ಅವ್ಳೇ ವಾಸಿ. ಅವ್ಳು ಹೇಳಿದ್ದು ಎಲ್ರಿಗೂ ಅರ್ಥ ಆಯ್ತದೆ."

ಆಮೇಲೆ ದನಿ ತಗ್ಗಿತು. "ಒಂದ್ ಮಾತು. ಇದ್ನ ಸಾಹೇಬನೇ ಕೊಟ್ನಾ? ಇಲ್ಲ ನಿನ್ನ ತಪ್ಪು ಮುಚ್ಚಕೆ ಎಲ್ಲಿಂದಾನೋ ಎತ್ಕೊಂಡ್ ಬಂದ್ಯಾ?"

ಅವರು ತಿಳಿಯಬೇಕಾಗಿದ್ದದ್ದು ಅದೊಂದೇ ಎಂದು ಆಗ ನನಗೆ ಗೊತ್ತಾಯಿತು. ಸುದ್ದಿ ಯಾರು ಬರೆದರು ಎಂಬುದು ಅವರಿಗೆ ದೊಡ್ಡದಾಗಿರಲಿಲ್ಲ. ಮಾತಾಡುವಂತಿಲ್ಲದ್ದರಿಂದ ನಾನು ಬಿಂದಿಗೆಯನ್ನು ಅವರ ಕಡೆ ವಾಲಿಸಿ ಹಿಡಿದೆ. ಅವರು ಒಳಗೆ ಕೈ ಹಾಕಿ ಗೋಡೆಯ ಸುತ್ತ ಬೆರಳಾಡಿಸಿದರು, ಟೈರ್ ಸವೆದಿದೆಯೇ ಎಂದು ನೋಡುವ ಹಾಗೆ. ಬೆರಳುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದರು.

"ಹೊಸ ಕಲಾಯಿ," ಎಂದರು. "ಕಲಾಯಿಯೋನು ಊರಿಗೆ ಬಂದು ಹೋಗಿ ಒಂದು ತಿಂಗಳಾಯ್ತು. ಆವಾಗ್ಲೇ ಸಾಹೇಬ ಮದ್ವೆಗೆ ಅಂತ ಮಾಡ್ಸಿ ಮಡಗವ್ನೆ."

ಬಿಂದಿಗೆಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ ಗದರಿದರು. "ಏನ್ ಒಂದೇ ಕಾಲಿಗೆ ಹಚ್ಕೊಂಡು ಕೂತಿದ್ದೀಯೇ? ಇನ್ನೊಂದಕ್ಕೂ ಹಚ್ಚು. ಬೆಟ್ಟ ಏನು ಒಂದ್ ಕಾಲಲ್ಲಿ ಹತ್ತಕಾಯ್ತದಾ?"

ನಾನು ಇಳಿದು ಬಂದೆ. ಮರ ದಾಟಿ ಕೋಟೆಬೀದಿಗೆ ತಿರುಗಿದಾಗ ಸಾಹೇಬರು ಅಂಗಡಿಯ ಹೊರಗೆ ನಿಂತಿದ್ದರು. ನನ್ನ ಖಾಲಿ ಹೆಗಲು ನೋಡಿ ಒಳಗೆ ಹೋದರು. ಅಲ್ಲಿಂದ ಗುಬ್ಬಿಗೆ ಫೋನ್ ಮಾಡಿ, ಮದುವೆ ಇಲ್ಲೇ, ಹೇಳಿದ ದಿನವೇ ಎನ್ನುತ್ತಿರುವುದು ಬೀದಿಗೇ ಕೇಳಿಸಿತು. ಸಂಜೆ ನಾಲ್ಕರ ಬಸ್ಸಿಗೆ ಮರದ ಕೆಳಗೆ ಕಾಯುತ್ತಿದ್ದಾಗ ಪೇಟೆಬೀದಿಯಿಂದ ಮೂವರು ಹೆಂಗಸರು ಸಂಡಿಗೆ ತಟ್ಟೆ ತಲೆಯ ಮೇಲಿಟ್ಟುಕೊಂಡು ದಾಟಿದರು. ಒಬ್ಬಾಕೆ ಇನ್ನೊಬ್ಬಾಕೆಗೆ, ಈ ಸಲ ಹಿಡಿ ನಮ್ಮ ಕೈಯಲ್ಲೇ ಅಳೆಯಬೇಕು ಎಂದು ಹೇಳುತ್ತಿದ್ದಳು.

ಮದುವೆಯ ಭಾನುವಾರ ಬೆಳಗ್ಗೆ ಯಜಮಾನರ ಹಿಂದೆ ನಾನೂ ಬೆಟ್ಟ ಹತ್ತಿದೆ. ಬಿಂದಿಗೆ ಹಿಡಿಯಲು ಎರಡು ಸಲ ಕೇಳಿದೆ, ಎರಡು ಸಲವೂ ಬೈಸಿಕೊಂಡೆ. ಪ್ರತಿ ತಿರುವಿನಲ್ಲೂ ಅವರು ನಿಂತು, ಕೆಳಗೆ ರಸ್ತೆ ನೋಡುವ ನೆಪದಲ್ಲಿ ಉಸಿರು ತಗೊಂಡರು. "ಇಲ್ಲಿ ಸ್ಟಾಪ್ ಇತ್ತು ಕಣ್ಲಾ," ಎಂದರು ಒಂದು ಕಡೆ. ಮೇಲೆ ದೊಣೆಯಲ್ಲಿ ನೀರು ಕಡಿಮೆಯಾಗಿತ್ತು, ತಿಳಿಯಾಗಿತ್ತು. ಬಗ್ಗಿ ತುಂಬಿಸಿದರು. ಅಲ್ಲಿಂದ ಎರಡೂ ಬೀದಿ ಒಟ್ಟಿಗೆ ಕಾಣುತ್ತವೆ. ಪೇಟೆಬೀದಿಯ ತಾರಸಿಗಳು ಬಿಸಿಲಿನಲ್ಲಿದ್ದವು, ಕೋಟೆಬೀದಿ ಇನ್ನೂ ನೆರಳಿನಲ್ಲಿತ್ತು. ಆ ನೆರಳಿನೊಳಗೆ ಸಾಹೇಬರ ಮನೆಯ ಹಿಂದೆ ಅಡುಗೆಯ ಒಲೆಗಳು ಮಾತ್ರ ಕೆಂಪಗೆ ಕಂಡವು.

ಇಳಿಯುವಾಗ ಅವರ ಬಲಗಾಲು ಒಂದೆರಡು ಕಡೆ ಎಡವಿತು. ಎಡವಿದಾಗೆಲ್ಲ ನೀರು ತುಳುಕಿ ಅವರ ಅಂಗಿಯ ಬೆನ್ನು ನೆನೆಯಿತು. ನಾನು ಹಿಂದೆ ಇದ್ದೆ, ನೋಡಿದೆ.

ಸಾಹೇಬರು ಹೊಸ ಬಿಳಿ ಅಂಗಿ ಹಾಕಿ ಹಿತ್ತಿಲಿನ ಬಾಗಿಲಲ್ಲಿ ಕಾಯುತ್ತಿದ್ದರು. ಇಷ್ಟು ದಿನ ಮಾತಿಲ್ಲದೆ ಇದ್ದ ಇಬ್ಬರು ಏನು ಮಾತಾಡುತ್ತಾರೆ ಎಂದು ನಾನು ಕಿವಿ ಕೊಟ್ಟೆ.

"ಏನಣ್ಣ, ಇಷ್ಟು ಲೇಟು?" ಎಂದರು ಸಾಹೇಬರು. "ಡ್ರೈವರ್ ಆಗಿದ್ದೋರು, ಟೈಮಿಗೆ ಬರಲ್ವಾ?"

"ಗಾಡಿ ಹಳೇದು ಕಣೋ ಸಾಹೇಬ. ಗುಬ್ಬಿ ದಂಡು ಎಲ್ಲಿ ಗಂಟ ಬಂತು?"

"ಬಸ್ಸು ಕುಣಿಗಲ್ ದಾಟ್ತಂತೆ."

"ಬರ್ಲಿ ಬರ್ಲಿ. ಹೋದ್ ಸಲ ಬಂದಾಗ ನಮ್ ಬಾವಿ ಹಿಡ್ಕೊಂಡು ಕೂತಿದ್ರು. ಈ ಸಲ ಊಟ ಹಾಕೇ ಕಳಿಸೋಣ."

ಒಳಗಿನ ಕಿಟಕಿಯಲ್ಲಿ ಮದುಮಗಳ ಮುಖ ಕಂಡಿತು. ಮೆಹಂದಿ ಹಾಕಿದ ಕೈಯಿಂದ ಪರದೆ ಸರಿಸಿ, ಮೊದಲು ಬಿಂದಿಗೆ ನೋಡಿದಳು, ಆಮೇಲೆ ಅಪ್ಪನನ್ನು. ಪರದೆ ಬಿದ್ದಿತು.

ಅಡುಗೆಯವರು ದೊಡ್ಡ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಬಿಂದಿಗೆ ಈಸಿಕೊಂಡರು. ಸುರಿಯುವ ಮೊದಲು ಒಳಗೆ ಇಣುಕಿ, "ಇದೇನು, ಕಂಠಕ್ಕೆ ನಾಲ್ಕು ಬೆರಳು ಕಮ್ಮಿ ಇದೆ. ತುಂಬಿರ್ಬೇಕಲ್ವಾ?" ಎಂದರು.

ಹಿತ್ತಿಲಿನಲ್ಲಿದ್ದವರೆಲ್ಲ ಯಜಮಾನರ ಕಡೆ ನೋಡಿದರು. ಅವರು ನೆನೆದ ಬೆನ್ನನ್ನು ಗೋಡೆಗೆ ಒರಗಿಸಿ ನಿಂತು, ನನ್ನ ಕಡೆ ಬೆರಳು ತೋರಿಸಿದರು.

"ದಾರೀಲಿ ಒಂಚೂರು ಪೇಪರ್‌ನೋರ ಕೈಗೆ ಕೊಟ್ಟೆ. ಚೆಲ್ಲಿಬಿಟ್ರು."

ಎಲ್ಲರೂ ನಕ್ಕರು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಬೆಟ್ಟದ ಬುಡದಿಂದ ನೆತ್ತಿಯವರೆಗೆ, ನೆತ್ತಿಯಿಂದ ಬುಡದವರೆಗೆ ಆ ಬಿಂದಿಗೆಯನ್ನು ನಾನು ಮುಟ್ಟಿರಲಿಲ್ಲ. ಆದರೆ ಸ್ಪಷ್ಟನೆ ಕೊಡಲು ಹೋಗಲಿಲ್ಲ. ಅಡುಗೆಯವರು ನೀರು ಸುರಿದು ಒಲೆ ಕೆದಕಿದರು.